ಹೋದ ವಸಂತದ ಕುಡಿಕೆ

ಬಹಳ ಬಹಳ ಹಿಂದೆ, ಬಂಡೆಗಳಿಗೂ ಹೆಸರಿಟ್ಟು ಕರೆಯುತ್ತಿದ್ದ ಕಾಲದಲ್ಲಿ, ಕೇಸರಗಿರಿ ಎಂಬ ಒಂದು ರಾಜ್ಯವಿತ್ತು. ಆ ರಾಜ್ಯದಲ್ಲಿ ಮನುಷ್ಯರಿಗಿಂತ ಜೇನುಹುಳಗಳು ಹೆಚ್ಚು. ಮನೆಮನೆಯ ಹಿತ್ತಲ ಗೋಡೆಯಲ್ಲೂ ಹುಳಗಳಿಗೆಂದು ಒಂದು ಪೊಟರೆ ಬಿಟ್ಟಿರುತ್ತಿದ್ದರು. ಜೇನುತುಪ್ಪಕ್ಕಾಗಿ ಅಲ್ಲ, ಪರಾಗಕ್ಕಾಗಿ.

ಹುಳಗಳು ಹೂವಿನ ಪುಡಿಯನ್ನು ಪುಟ್ಟ ಉಂಡೆ ಕಟ್ಟಿ ಹಿಂಗಾಲಿಗೆ ಅಂಟಿಸಿಕೊಂಡು ಬರುತ್ತವಲ್ಲ, ಅದೇ ಪರಾಗ. ವಸಂತ ಬಂತೆಂದರೆ ಜನ ಪೊಟರೆಯ ಬಾಯಿಗೆ ಸಣ್ಣ ಕಂಡಿಗಳ ಬಿದಿರು ತಡಿಕೆ ಕಟ್ಟುತ್ತಿದ್ದರು. ಹುಳ ಅದರಲ್ಲಿ ನುಸುಳಿ ಒಳಗೆ ಹೋಗುವಾಗ ಒಂದು ಕಾಲಿನ ಉಂಡೆ ಕಳಚಿ ಕೆಳಗೆ ಬೀಳುತ್ತಿತ್ತು. ಒಂದು ಕಾಲಿನದು ಮನೆಗೆ, ಇನ್ನೊಂದು ಕಾಲಿನದು ಮರಿಗಳಿಗೆ. ಹುಳಕ್ಕೂ ಮನುಷ್ಯರಿಗೂ ಹಾಗೆಂದು ಒಪ್ಪಂದವಾಗಿತ್ತು. ಮಾವಿನ ಪರಾಗ ಹಸಿರು ಬೆರೆತ ಹಳದಿ, ನುಗ್ಗೆಯದು ಬೆಣ್ಣೆಯ ಬಣ್ಣ, ಮುತ್ತುಗದ್ದು ಕೆಂಡದ ಬಣ್ಣ. ಎಲ್ಲವನ್ನೂ ನೆರಳಲ್ಲಿ ಆರಿಸಿ, ಮಣ್ಣಿನ ಕುಡಿಕೆಯಲ್ಲಿ ತುಂಬಿ, ಒಳಕೋಣೆಯ ಕತ್ತಲ ಮೂಲೆಯಲ್ಲಿ ಇಟ್ಟುಬಿಡುತ್ತಿದ್ದರು.

ಆ ನಾಡಿನ ಪರಾಗಕ್ಕೆ ಒಂದು ಗುಣವಿತ್ತು. ಮುಂದಿನ ವಸಂತದ ಮೊದಲ ದಿನ ಒಂದು ಚಿಟಿಕೆ ನಾಲಗೆಯ ಮೇಲೆ ಇಟ್ಟುಕೊಂಡರೆ ಹೋದ ವಸಂತ ಹಿಂದಿರುಗಿ ಬರುತ್ತಿತ್ತು. ಆ ವಸಂತ ಕಳೆದ ಮೇಲೆ ತೀರಿಕೊಂಡ ಅಜ್ಜಿ ಕಟ್ಟೆಯ ಮೇಲೆ ಕೂತು ಯಾರನ್ನೋ ಬೈಯುವುದು ಕೇಳಿಸುತ್ತಿತ್ತು. ಮದುವೆಯಾಗಿ ದೂರ ಹೋದ ಅಕ್ಕ ಬಾವಿಕಟ್ಟೆಯಲ್ಲಿ ಹಾಡುತ್ತಿದ್ದಳು. ಕಾಡಿನಲ್ಲಿ ಕಳೆದುಹೋದ ಕರುವಿನ ಕೊರಳ ಗಂಟೆ ಕೂಡ ಕೇಳಿಸುತ್ತಿತ್ತು. ಅಂದು ಇಡೀ ನಾಡು ಕಣ್ಣು ಮುಚ್ಚಿ ಸುಮ್ಮನೆ ಕೂರುತ್ತಿತ್ತು. ಆಮೇಲೆ ಎಲ್ಲರೂ ಕಣ್ಣೊರೆಸಿಕೊಂಡು ಎದ್ದು ಹೊಸ ವರ್ಷದ ಕೆಲಸಕ್ಕೆ ಹೊರಡುತ್ತಿದ್ದರು.

ಆದರೆ ಪರಾಗ ಹಸನಾಗಿರಬೇಕು. ಕೆಟ್ಟ ಪರಾಗ ಬರೀ ಹೊಟ್ಟು.

ಆ ನಾಡಿನ ಅಂಚಿನ ಒಂದು ಸಣ್ಣ ಮನೆಯಲ್ಲಿ ಪದುಮಿ ಎಂಬ ಹುಡುಗಿ ತನ್ನ ಅವ್ವ ನೀಲವ್ವನ ಜೊತೆ ಇದ್ದಳು. ಪದುಮಿಯ ಮಾತು ಕಡಿಮೆ. ಹುಳ ಬಿಟ್ಟುಹೋದ ಹಳೆಯ ಹುಟ್ಟುಗಳನ್ನು ಗುಡ್ಡಗಳಲ್ಲಿ ಹುಡುಕಿ, ಮೇಣ ತೆಗೆದು ಮಾರುವುದು ಅವಳ ಕೆಲಸ. ನೀಲವ್ವ ಇಬ್ಬರ ಪಾಲಿನ ಮಾತನ್ನೂ ತಾನೇ ಆಡಿ ಮುಗಿಸುತ್ತಿದ್ದಳು.

ಒಂದು ಬೇಸಿಗೆಯಲ್ಲಿ ಆ ರಾಜ್ಯಕ್ಕೆ ಬೂದಿಗಣ್ಣ ಎಂಬ ಮಾಂತ್ರಿಕ ಬಂದ. ಅವನ ಕಣ್ಣಿನಲ್ಲಿ ಕಪ್ಪೂ ಇರಲಿಲ್ಲ, ಬಿಳಿಯೂ ಇರಲಿಲ್ಲ, ಬರೀ ಬೂದಿ. ಆ ಬೂದಿ ಯಾರ ಮೇಲೆ ಬಿದ್ದರೂ ಅವರಿಗೆ ತಮ್ಮವರು, ತಮ್ಮದು ಎಂಬುದೆಲ್ಲ ಮರೆತುಹೋಗುತ್ತಿತ್ತು. ಆದರೆ ಮರೆತದ್ದನ್ನು ವಸಂತದ ಪರಾಗ ಮತ್ತೆ ತಂದುಕೊಡುವ ನಾಡಿನಲ್ಲಿ ಬೂದಿಗೆ ಏನು ಬೆಲೆ? ಅದಕ್ಕೇ ಅವನು ಮೊದಲು ಪರಾಗಕ್ಕೆ ಕೈ ಹಾಕಿದ.

ಅವನು ರಾಜ ಇಂದುಶೇಖರನ ಆಸ್ಥಾನಕ್ಕೆ ಹೋಗಿ, ಈ ನಾಡಿನ ಪರಾಗದಷ್ಟು ಚಂದದ ಬಣ್ಣಗಳನ್ನು ತಾನು ಎಲ್ಲೂ ನೋಡಿಲ್ಲವೆಂದ. ಅಂಥದ್ದನ್ನು ಇಲಿಬಿಲದ ಪಕ್ಕ ಮಣ್ಣಿನ ಕುಡಿಕೆಯಲ್ಲಿ ಮುಚ್ಚಿಡುತ್ತಾರಲ್ಲ ಎಂದು ನೊಂದುಕೊಂಡ. ನೋಡುವವರಿಲ್ಲದ ಸಿರಿ ಇದ್ದರೆಷ್ಟು, ಇಲ್ಲದಿದ್ದರೆಷ್ಟು ಎಂದ. ರಾಜ ಒಳ್ಳೆಯವನು, ಆದರೆ ಹೊಗಳಿಕೆಗೆ ಕರಗುವವನು. ಅರಮನೆಯ ಅಂಗಳದಲ್ಲಿ ಗಾಜಿನ ಮಹಲು ಕಟ್ಟಿಸಿದ. ಎಲ್ಲರ ಮನೆಯ ಪರಾಗವೂ ಸ್ಫಟಿಕದ ಭರಣಿಗಳಲ್ಲಿ ತುಂಬಿ, ಬಿಸಿಲು ಬೀಳುವ ಹಲಗೆಗಳ ಮೇಲೆ ಸಾಲಾಗಿ ನಿಂತಿತು.

ಮುದುಕಿಯರು ಬೇಡವೆಂದರು. ಯಾರು ಕೇಳುತ್ತಾರೆ? ಜನ ತಮ್ಮ ತಮ್ಮ ಭರಣಿ ಮುಂದಿನ ಸಾಲಿಗೆ ಬರಲೆಂದು ಕಾವಲುಗಾರರಿಗೆ ಹಪ್ಪಳ ಸಂಡಿಗೆ ಕೊಟ್ಟು ಬಂದರು. ಊರಿಗಿಲ್ಲದ ಬಿಗುಮಾನ ನಮಗೊಬ್ಬರಿಗೆ ಯಾಕೆ ಎಂದು ನೀಲವ್ವನೂ ಕುಡಿಕೆ ಕಳಿಸಿಕೊಟ್ಟಳು. ಬೇಸಿಗೆಯುದ್ದಕ್ಕೂ ಜನ ಮಹಲಿಗೆ ಹೋಗಿ, ಬಣ್ಣ ನೋಡಿ, ಹಿಗ್ಗಿ ಬಂದರು. ಬಿಸಿಲೂ ದಿನವೂ ಹೋಗಿ ನೋಡಿತು. ಮೊದಲ ಮೋಡ ಕಟ್ಟುವ ಹೊತ್ತಿಗೆ ಭರಣಿಗಳಲ್ಲಿ ಹಳದಿಯೂ ಇರಲಿಲ್ಲ, ಕೆಂಪೂ ಇರಲಿಲ್ಲ. ಎಲ್ಲವೂ ಒಣಹುಲ್ಲಿನ ಬಣ್ಣಕ್ಕೆ ತಿರುಗಿತ್ತು.

ಆಗ ಬೂದಿಗಣ್ಣ ಅರಮನೆಯ ಮೇಲೆ ಹತ್ತಿ ನಿಂತು, ಎರಡೂ ಕಣ್ಣು ಉಜ್ಜಿದ. ಬೂದಿ ಹಾರಿತು. ನಾಡಿನ ತುಂಬ ಹಾರಿತು.

ಪದುಮಿ ಅಂದು ಮೇಣ ಹುಡುಕಿಕೊಂಡು ಗಡಿಯಾಚೆಯ ಗುಡ್ಡಗಳಿಗೆ ಹೋಗಿದ್ದಳು. ಹಿಂದಿರುಗಿದಾಗ ಊರು ತಣ್ಣಗಿತ್ತು. ಗಂಡ ಹೆಂಡಿರು ಒಬ್ಬರಿಗೊಬ್ಬರು ದಾರಿ ಬಿಟ್ಟು ನಡೆಯುತ್ತಿದ್ದರು. ಮಕ್ಕಳು ಯಾವ ಮನೆಗೆ ಹೋಗಬೇಕೆಂದು ತಿಳಿಯದೆ ಸಿಕ್ಕ ಮನೆಯಲ್ಲಿ ಉಣ್ಣುತ್ತಿದ್ದವು. ಇದು ನನ್ನ ಹೊಲ ಎಂದು ಬೂದಿಗಣ್ಣ ಕೈ ತೋರಿಸಿದರೆ, ಹೌದೇನೋ ಎಂದು ಜನ ಅವನಿಗೇ ಉತ್ತು ಕೊಡುತ್ತಿದ್ದರು. ಪದುಮಿ ಓಡಿ ಮನೆಗೆ ಬಂದಳು. ನೀಲವ್ವ ಬಾಗಿಲಲ್ಲೇ ನಿಂತಿದ್ದಳು.

"ಬಾರಮ್ಮ," ಎಂದಳು ನೀಲವ್ವ, ನಗುತ್ತಾ. "ಯಾರ ಮನೆ ಹುಡುಕ್ತಾ ಇದೀಯ? ಬಿಸಿಲಲ್ಲಿ ಬಂದಿದೀಯ, ಒಳಗೆ ಬಾ."

ಕಾಲಿಗೆ ನೀರು ಕೊಟ್ಟಳು. ನೆಂಟರಿಗೆ ಹಾಸುವ ಚಾಪೆ ಹಾಸಿದಳು. ಬೆಲ್ಲ, ನೀರು ತಂದಿಟ್ಟಳು. ಪದುಮಿಗೆ ಆ ಮನೆಯಲ್ಲಿ ಅಷ್ಟು ಮರ್ಯಾದೆ ಹಿಂದೆಂದೂ ಸಿಕ್ಕಿರಲಿಲ್ಲ. ಅವಳು ಬೆಲ್ಲವನ್ನು ಪಕ್ಕಕ್ಕೆ ಸರಿಸಿದಳು.

"ಅವ್ವ, ನಾನು ಪದುಮಿ. ನಿನ್ನ ಮಗಳು."

ನೀಲವ್ವ ಅವಳ ತಲೆ ಸವರಿದಳು. "ನನಗೆ ಮಗಳಿದ್ದಿದ್ರೆ ನನಗೆ ಗೊತ್ತಿರ್ತಿರಲಿಲ್ವೇನಮ್ಮ? ಪಾಪ, ದಾರಿ ತಪ್ಪಿದೆ ನಿನಗೆ."

ಪದುಮಿ ಅರಮನೆಗೆ ಓಡಿದಳು. ರಾಜ ಇಂದುಶೇಖರ ತಾನು ರಾಜನೆಂಬುದನ್ನೇ ಮರೆತು ಅಡುಗೆಮನೆಯ ಜಗಲಿಯಲ್ಲಿ ಕೂತು ಕುಂಬಳಕಾಯಿ ಹೆಚ್ಚುತ್ತಿದ್ದ. ಬೀಜಗಳನ್ನು ಕಿರೀಟದಲ್ಲಿ ತುಂಬಿಟ್ಟಿದ್ದ. ಬಹಳ ಸಂತೋಷವಾಗಿದ್ದ. ಅವನನ್ನು ಕೇಳಿ ಪ್ರಯೋಜನವಿಲ್ಲವೆಂದು ಪದುಮಿ ಗಾಜಿನ ಮಹಲಿಗೆ ಹೋಗಿ ಭರಣಿಗಳನ್ನು ಒಂದೊಂದಾಗಿ ತೆರೆದು ಮೂಸಿದಳು. ಎಲ್ಲದರಲ್ಲೂ ಹುಲ್ಲಿನ ವಾಸನೆ. ತಮ್ಮ ಮನೆಯದೂ ಹಾಗೆಯೇ.

ಕೊನೆಗೆ ಅವಳು ಜೇನುಕಲ್ಲಿಗೆ ಹೋದಳು. ಅದು ನಾಡಿನ ಅತಿ ಎತ್ತರದ ಬಂಡೆ. ಅದರ ಮೈಗೆ ಹೆಜ್ಜೇನಿನ ಹುಟ್ಟುಗಳು ಕರಿಯ ಕಂಬಳಿಯಂತೆ ಜೋತುಬಿದ್ದಿರುತ್ತಿದ್ದವು. ಅಲ್ಲಿ ಹುಳಗಳ ರಾಣಿ ಇದ್ದಳು. ಅವಳು ಮಾತಾಡುತ್ತಿದ್ದಳು, ಆದರೆ ಸಿಡುಕಿ.

ಪದುಮಿ ಕೈಮುಗಿದು ನಡೆದದ್ದೆಲ್ಲ ಹೇಳಿದಳು. ಅವ್ವನ ನಾಲಗೆಗೆ ಇಡುವಷ್ಟು ಪರಾಗ ಬೇಕೆಂದು ಕೇಳಿದಳು. ನಿಮ್ಮವರಿಗೆ ಕೊಟ್ಟದ್ದನ್ನು ಗಾಜಿನಲ್ಲಿ ಇಟ್ಟುಕೊಂಡು ಮೆರೆದಿರಲ್ಲ, ಈಗೇನು ಬಂದೆ ಎಂದು ರಾಣಿ ಬೈದಳು. ಪದುಮಿ ಎದುರಾಡಲಿಲ್ಲ, ಎದ್ದೂ ಹೋಗಲಿಲ್ಲ. ಬಂಡೆಯ ಕೆಳಗೆ ಕೂತೇ ಇದ್ದಳು. ರಾಣಿಗೆ ಬೈದು ಬೈದು ಸಾಕಾಯಿತು.

"ಸೆರಗು ಒಡ್ಡು," ಎಂದಳು. ಈ ವಸಂತದ ಹಸಿ ಪರಾಗ ಬೊಗಸೆಯಷ್ಟು ಸೆರಗಿಗೆ ಬಿತ್ತು. "ವಸಂತ ಮತ್ತೆ ಬರೋವರೆಗೂ ಇದಕ್ಕೆ ಬಲ ಇಲ್ಲ. ಅಲ್ಲೀವರೆಗೂ ಕೆಡದ ಹಾಗೆ ಮನೇಲಿ ಕಾಪಾಡು. ಇದಕ್ಕೆ ಮೂರು ಶತ್ರು. ಒಂದು ತೇವ, ಒಂದು ಬೆಳಕು."

ಮೂರನೆಯದು ಯಾವುದೆಂದು ಪದುಮಿ ಕೇಳಿದಳು.

"ನಿನ್ನ ಕೈ," ಎಂದಳು ರಾಣಿ. "ಮುಚ್ಚಿಟ್ಟದ್ದನ್ನ ಮತ್ತೆ ಮತ್ತೆ ತೆಗೆದು ನೋಡೋ ಕೈ."

ಪದುಮಿ ತನ್ನ ಮನೆಗೆ ಹಿಂದಿರುಗಿ, ಬಾಗಿಲಲ್ಲಿ ನಿಂತು, ಇಲ್ಲಿ ಸ್ವಲ್ಪ ಕಾಲ ಇರಬಹುದೇ ಎಂದು ಕೇಳಿದಳು. ಇರಮ್ಮ, ನನಗೂ ಯಾರೂ ಇಲ್ಲ ಎಂದಳು ನೀಲವ್ವ.

ಪದುಮಿ ಪರಾಗವನ್ನು ಮೊರದಲ್ಲಿ ತೆಳ್ಳಗೆ ಹರಡಿ, ಮೇಲೆ ತೆಳುಬಟ್ಟೆ ಹಾಸಿ, ನೆರಳಲ್ಲಿ ಆರಿಸಿದಳು. ಬೆರಳಲ್ಲಿ ಹಿಡಿದರೆ ಅಂಟದೆ, ಮೊರದಲ್ಲಿ ಅಲ್ಲಾಡಿಸಿದರೆ ಸಾಸಿವೆಯಂತೆ ಉರುಳುವಷ್ಟು ಆರಿದ ಮೇಲೆ, ಒಣಗಿದ ಕುಡಿಕೆಗೆ ತುಂಬಿದಳು. ತೇವ ಹೀರಲೆಂದು ಹುರಿದ ಅಕ್ಕಿಯ ಪುಟ್ಟ ಗಂಟನ್ನು ಒಳಗಿಟ್ಟಳು. ಮುಚ್ಚಳದ ಸುತ್ತ ಮೇಣ ಮೆತ್ತಿದಳು. ಒಲೆಯಿಂದ ದೂರ, ಒಳಕೋಣೆಯ ಜಂತಿಗೆ ನೆಲುವು ಕಟ್ಟಿ ಅದರಲ್ಲಿ ಕುಡಿಕೆ ಇಟ್ಟಳು.

ಬೂದಿಗಣ್ಣನಿಗೆ ಇದು ತಿಳಿಯಿತು. ಹಸನಾದ ಪರಾಗವೆಂದರೆ ಅವನಿಗೆ ಒಳಗೊಳಗೇ ಅಂಜಿಕೆ. ಹಾಗಾಗಿ ತಾನು ಬರಲಿಲ್ಲ. ಒಂದು ಕಪ್ಪೆಯನ್ನು ಕಳಿಸಿದ.

ಆ ಕಪ್ಪೆ ಎಳೆಗರುವಿನಷ್ಟು ದೊಡ್ಡದು. ಸುರಿಯುವ ಮಳೆಯಲ್ಲಿ ಬಾಗಿಲಿಗೆ ಬಂದು, ಒಂದು ಮೂಲೆ ಕೊಟ್ಟರೆ ಬಿದ್ದುಕೊಂಡಿರುತ್ತೇನೆ ತಾಯಿ ಎಂದಿತು. ನೀಲವ್ವ ಯಾರಿಗೂ ಇಲ್ಲ ಎಂದವಳಲ್ಲ. ಕಪ್ಪೆ ಒಳಗೆ ಬಂದು ಕೂತಿತು. ಕೂತದ್ದೇ ಗೋಡೆಗಳು ಬೆವೆತವು. ಉಪ್ಪು ನೀರಾಯಿತು. ಹಪ್ಪಳ ಬಟ್ಟೆಯ ಹಾಗೆ ಜೋತುಬಿತ್ತು. ಕಪ್ಪೆಗೆ ಬಾಯಿಯೂ ಜಾಸ್ತಿ. ಸಾರಿಗೆ ಹುಳಿ ಸಾಲದು, ಹಾಸಿಗೆ ಗಟ್ಟಿ ಎಂದು ಹಳೆಯ ಬೀಗರ ಹಾಗೆ ದಿನವೂ ಕೊರೆಯುತ್ತಿತ್ತು. ನಡುವೆ ನಡುವೆ ನೆಲುವಿನ ಕಡೆ ನೋಡುತ್ತಿತ್ತು.

"ಅದಕ್ಕೆ ಬೂಷ್ಟು ಹಿಡಿದಿರುತ್ತೆ ಕಣಮ್ಮ," ಎನ್ನುತ್ತಿತ್ತು. "ಒಂದು ಸಲ ತೆಗೆದು ನೋಡು. ನೋಡೋದಕ್ಕೇನು?"

ಪದುಮಿಗೆ ಜೀವ ಹೊಡೆದುಕೊಳ್ಳುತ್ತಿತ್ತು. ನೆಲುವಿನ ಕೆಳಗೆ ಹೋಗಿ ನಿಲ್ಲುತ್ತಿದ್ದಳು. ಕೈ ಎತ್ತುತ್ತಿದ್ದಳು. ಆದರೆ ಕುಡಿಕೆ ತೆರೆಯಲಿಲ್ಲ.

ಮಳೆಗಾಲ ಮುಗಿಯಿತು. ಒಣಗಾಳಿ ಬೀಸಿತು. ಕಪ್ಪೆ ಕುಗ್ಗಿ ಕುಗ್ಗಿ ಅಂಗೈಯಷ್ಟಾಯಿತು, ದನಿಯೂ ಅಷ್ಟೇ ಸಣ್ಣಗಾಯಿತು. ಪದುಮಿ ಅದನ್ನು ಎತ್ತಿಕೊಂಡು ಹೋಗಿ ಕೆರೆಗೆ ಬಿಟ್ಟಳು.

ಆಮೇಲೆ ಬೂದಿಗಣ್ಣ ಒಂದು ನವಿಲನ್ನು ಕಳಿಸಿದ. ಚಳಿಗಾಲದ ಮಂಜು ಕವಿದ ಬೆಳಗಿನಲ್ಲಿ ಅದು ಅಂಗಳಕ್ಕೆ ಬಂದು ಗರಿ ಬಿಚ್ಚಿತು. ಗರಿಗಳಿಂದ ಮಧ್ಯಾಹ್ನದ ಬಿಸಿಲು ಸುರಿಯಿತು. ಮಂಡಿನೋವಿನ ನೀಲವ್ವ ಬೆಚ್ಚಗಾಯಿತೆಂದು ಅದನ್ನು ಒಳಗೆ ಕರೆದಳು. ಮನೆಯಲ್ಲಿ ಕತ್ತಲೆಂಬುದೇ ಇಲ್ಲವಾಯಿತು. ಜಂತಿಯ ಜೇಡರ ಬಲೆಯೂ ಕಾಣುತ್ತಿತ್ತು, ಹಲಗೆಯ ಸೀಳೂ ಕಾಣುತ್ತಿತ್ತು. ಪದುಮಿ ಕುಡಿಕೆಯನ್ನು ನೆಲುವಿನಿಂದ ಇಳಿಸಿ, ಕರಿಕಂಬಳಿಯಲ್ಲಿ ಸುತ್ತಿ, ರಾಗಿ ತುಂಬಿದ ಮಣ್ಣಿನ ವಾಡೆಯೊಳಗೆ ತೋಳು ಮುಳುಗುವಷ್ಟು ಆಳದಲ್ಲಿ ಹೂತಿಟ್ಟಳು. ರಾಗಿಯ ಕಾಳು ಕಾಳಿಗೆ ಒತ್ತಿಕೊಂಡಿರುವ ಕಡೆ ಬೆಳಕಿಗೆ ದಾರಿಯಿಲ್ಲ. ತೇವಕ್ಕೂ ಇಲ್ಲ.

ನವಿಲು ವಾಡೆಯ ಸುತ್ತ ಹೆಜ್ಜೆ ಹಾಕಿತು. ಅಷ್ಟು ಚಂದದ ಬಣ್ಣಗಳನ್ನು ಹೂತಿಡುವ ಹುಡುಗಿಗೆ ಕಣ್ಣಿಲ್ಲವೇ ಎಂದಿತು. ಒಂದೇ ಒಂದು ಸಲ ತನ್ನ ಬೆಳಕಿಗೆ ಹಿಡಿದರೆ ಆ ಮುತ್ತುಗದ ಕೆಂಪು, ಮಾವಿನ ಹಸಿರು ಹೇಗೆ ಹೊಳೆಯುತ್ತವೆ ಎಂದು ವರ್ಣಿಸಿತು. ಪದುಮಿಗೆ ಆ ಬಣ್ಣಗಳು ಕಣ್ಣಿಗೆ ಕಟ್ಟಿದವು. ಬೂದಿ ಬಿದ್ದಂದಿನಿಂದ ಹೊರಗೆಲ್ಲೂ ಒಂದು ಹೂವು ಅರಳಿರಲಿಲ್ಲ. ಆದರೆ ಅವಳು ಕುಡಿಕೆ ತೆರೆಯಲಿಲ್ಲ. ನವಿಲಿನ ಕಡೆ ಬೆನ್ನು ಮಾಡಿ ಕೂತು ರಾಗಿ ಬೀಸಿದಳು. ನೀಲವ್ವನೂ ಬಿಸಿಲು ಕಾಯಿಸಿಕೊಂಡು ನಿದ್ದೆ ಹೋದಳು. ನೋಡುವವರಿಲ್ಲದೆ ಆ ಬೆಳಕು ದಿನೇ ದಿನೇ ಸಣ್ಣಗಾಯಿತು. ಕೊನೆಗೊಂದು ದಿನ ಎಲ್ಲ ನವಿಲುಗಳಂತೆ ಒಂದು ನವಿಲಾಗಿ, ಹಿತ್ತಲ ಬೇಲಿ ಹಾರಿ ಹೊರಟುಹೋಯಿತು.

ವಸಂತ ಇನ್ನೇನು ಬರಬೇಕು. ಬೂದಿಗಣ್ಣ ಮೂರನೆಯದಾಗಿ ಒಂದು ಗೊರವಂಕ ಹಕ್ಕಿಯನ್ನು ಕಳಿಸಿದ. ಅದು ಕಪ್ಪೆಯಂತೆ ದೊಡ್ಡದಲ್ಲ, ನವಿಲಿನಂತೆ ಚಂದವೂ ಅಲ್ಲ. ಸಾದಾ ಹಕ್ಕಿ. ನೀಲವ್ವ ನೀರಿಗೆ ಹೋಗಿದ್ದ ಹೊತ್ತಿನಲ್ಲಿ ಬಂದು ಕಿಟಕಿಯ ಮೇಲೆ ಕೂತಿತು. ಬಾಯಿ ತೆರೆಯಿತು.

"ಪದುಮೀ," ಎಂದಿತು, ನೀಲವ್ವನ ದನಿಯಲ್ಲಿ. ಹಿಂದಿನ ನೀಲವ್ವನ ದನಿಯಲ್ಲಿ. "ಎಲ್ಲಿ ಹೋದ್ಯೆ ಮಗಾ? ಅನ್ನ ಆರಿ ಹೋಗ್ತಿದೆ, ಬಾರೆ."

ಪದುಮಿಯ ಕೈಯಿಂದ ಮೊರ ಬಿತ್ತು. ನೀಲವ್ವ ಈಗಲೂ ಅವಳಿಗೆ ದಿನವೂ ಊಟ ಬಡಿಸುತ್ತಿದ್ದಳು. ತಾಯಿ, ಇನ್ನೊಂದು ತುತ್ತು ಹಾಕಲಾ ಎಂದು ಕೇಳುತ್ತಿದ್ದಳು. ಆದರೆ ಪದುಮಿ ಎಂದು ಕರೆದಿರಲಿಲ್ಲ. ಆ ಹೆಸರು ಆ ದನಿಯಲ್ಲಿ ಹೇಗಿತ್ತೆಂಬುದು ಪದುಮಿಗೇ ಮರೆಯುತ್ತಾ ಬಂದಿತ್ತು.

ಹಕ್ಕಿ ಮತ್ತೆ ಮತ್ತೆ ಕರೆಯಿತು. ವಸಂತಕ್ಕೆ ಯಾಕೆ ಕಾಯುತ್ತೀ, ಈಗಲೇ ಒಂದು ಚಿಟಿಕೆ ಕೊಡು, ಈಗಲೇ ಗುರುತು ಹಿಡಿಯುತ್ತೇನೆ ಎಂದಿತು. ಅದು ಹಕ್ಕಿಯೆಂದು ಪದುಮಿಗೆ ಗೊತ್ತಿತ್ತು. ಗೊತ್ತಿದ್ದೂ ವಾಡೆಯೊಳಗೆ ತೋಳು ಇಳಿಸಿದಳು. ಕಂಬಳಿ ಬಿಚ್ಚಿದಳು. ಮೇಣ ಕಿತ್ತಳು.

ಪದುಮಿ ಕುಡಿಕೆ ತೆರೆದಳು.

ಮಾವಿನ ಹೂವಿನ ಪರಿಮಳ ಮುಖಕ್ಕೆ ಬಡಿಯಿತು. ಪರಾಗ ಇಟ್ಟ ದಿನ ಇದ್ದ ಹಾಗೇ ಇತ್ತು, ಹಳದಿ ಹಳದಿಯಾಗಿ, ಕೆಂಪು ಕೆಂಪಾಗಿ. ಅದನ್ನು ನೋಡಿದ್ದೇ ಅವಳು ಅಳತೊಡಗಿದಳು. ಇಷ್ಟು ತಿಂಗಳಿಂದ ತಡೆದಿದ್ದ ಅಳು. ಕಣ್ಣೀರು ಕೆನ್ನೆಯಿಂದ ಇಳಿದು ಕುಡಿಕೆಯೊಳಗೆ ಬಿತ್ತು. ಹಕ್ಕಿ ನಕ್ಕು ಹಾರಿಹೋಯಿತು.

ನೀರು ಬಿದ್ದ ಪರಾಗ ಅಲ್ಲೇ ಕರಗಿ ಮುದ್ದೆಯಾಯಿತು. ಮುದ್ದೆ ನೋಡನೋಡುತ್ತಿದ್ದಂತೆ ಹುಳಿಯ ವಾಸನೆ ಎತ್ತಿತು. ಪದುಮಿ ಬೆರಳುಗಳಿಂದ ಕೆಟ್ಟದ್ದನ್ನು ತೆಗೆದು ತೆಗೆದು ಹಾಕಿದಳು. ಕೊನೆಗೆ ಕುಡಿಕೆಯ ತಳದಲ್ಲಿ ಒಂದೇ ಒಂದು ಚಿಟಿಕೆ ಉಳಿಯಿತು. ಅದರ ಅಂಚಿಗೂ ಪಸೆ ತಾಗಿತ್ತು. ಇನ್ನು ಹುರಿದ ಅಕ್ಕಿಯೂ ಕೆಲಸಕ್ಕೆ ಬಾರದು, ಮೇಣವೂ ಬಾರದು. ತೇವವನ್ನು ಒಳಗಿಟ್ಟು ಮುಚ್ಚಿದರೆ ನಾಳೆಗೆ ಅದೂ ಹುಳಿಯುತ್ತದೆ.

ನೀಲವ್ವ ನೀರು ತಂದಳು. ಹುಡುಗಿ ಕುಡಿಕೆ ತಬ್ಬಿಕೊಂಡು ಅಳುತ್ತಿರುವುದನ್ನು ಕಂಡಳು. ಕೊಡ ಇಳಿಸಿ, ಕುಡಿಕೆಯೊಳಗೆ ಇಣುಕಿದಳು. ಆಮೇಲೆ ಒಳಗೆ ಹೋಗಿ, ಅಟ್ಟದ ಮೇಲೆ ಬಟ್ಟೆಗಂಟಿನ ಹಿಂದೆ ಕೈಯಾಡಿಸಿ, ಒಂದು ಪುಟ್ಟ ಬಟ್ಟಲು ತಂದಳು. ಬಟ್ಟಲಲ್ಲಿ ಜೇನುತುಪ್ಪವಿತ್ತು. ಹೂವಿಲ್ಲದ ಆ ವರ್ಷ ನಾಡಿನ ಬೇರೆ ಯಾರ ಮನೆಯಲ್ಲೂ ಒಂದು ಹನಿ ಇರಲಿಲ್ಲ.

"ಇದನ್ನ ಯಾರಿಗೋ ಅಂತ ಎತ್ತಿಟ್ಟಿದೀನಿ," ಎಂದಳು. "ಯಾರಿಗೆ ಅಂತ ನೆನಪಾಗ್ತಿಲ್ಲ. ಅವಳು ಬರೋ ಹಾಗೂ ಕಾಣಲ್ಲ. ನೀನೇ ತಗೋ."

ಪದುಮಿ ಬಟ್ಟಲು ಹಿಡಿದುಕೊಂಡು ಏನು ಮಾಡಬೇಕೆಂದು ತೋಚದೆ ಕೂತಳು. ನೀಲವ್ವ ಅವಳ ಕೈಯಿಂದ ಕುಡಿಕೆ ತೆಗೆದುಕೊಂಡಳು. ಹೆಬ್ಬೆರಳಿನಿಂದ ಪರಾಗವನ್ನು ತಳಕ್ಕೆ ಒತ್ತಿದಳು, ಗಾಳಿ ನಿಲ್ಲದ ಹಾಗೆ ಗಟ್ಟಿಯಾಗಿ ಒತ್ತಿದಳು. ಅದರ ಮೇಲೆ ಜೇನು ಸುರಿದಳು. ಒಂದು ಚೂರೂ ಕಾಣದಂತೆ ಮುಳುಗಿಸಿದಳು. ಹುಳಗಳು ತಮ್ಮ ಹುಟ್ಟಿನ ಕಣ್ಣುಗಳಲ್ಲಿ ಮಾಡುವುದೂ ಇದನ್ನೇ.

ಯಾರು ಹೇಳಿಕೊಟ್ಟರು ಎಂದು ಪದುಮಿ ಕೇಳಿದಳು. ಗೊತ್ತಿಲ್ಲ ಎಂದಳು ನೀಲವ್ವ. ತನ್ನ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಬೂದಿ ಕಣ್ಣಿಗೆ ಬಿದ್ದಿತ್ತು, ತಲೆಗೆ ಬಿದ್ದಿತ್ತು. ಕೈಗೆ ಬಿದ್ದಿರಲಿಲ್ಲ.

ವಸಂತದ ಮೊದಲ ದಿನ ಬಂತು. ಮಾವಿನ ಮರದಲ್ಲಿ ಮೊಗ್ಗಿತ್ತು, ಬೇವಿನಲ್ಲಿ ಮೊಗ್ಗಿತ್ತು. ಬೂದಿ ಕೂತ ಮೊಗ್ಗುಗಳು ಅರಳದೆ ನಿಂತಿದ್ದವು. ಪದುಮಿ ಮಿಂದು ಬಂದು ಕುಡಿಕೆ ಎತ್ತಿಕೊಂಡಳು. ನೀಲವ್ವನ ಮುಂದೆ ಕೂತು, ಬಾಯಿ ತೆರೆಯಲು ಹೇಳಬೇಕು, ಅಷ್ಟರಲ್ಲಿ ಬಾಗಿಲಲ್ಲಿ ನೆರಳು ಬಿತ್ತು.

ಬೂದಿಗಣ್ಣ ಬಂದಿದ್ದ. ಪರಾಗ ಕೆಟ್ಟಿತೆಂದು ಗೊರವಂಕ ಹೇಳಿತ್ತು. ಇನ್ನು ಅಂಜುವುದಕ್ಕೆ ಏನಿದೆ? ಹುಡುಗಿಯ ಮುಖ ನೋಡಿ ನಕ್ಕು ಹೋಗಲು ಬಂದಿದ್ದ. ಆದರೆ ಕರೆಯದ ಮನೆಯ ಹೊಸ್ತಿಲು ಮಾಂತ್ರಿಕರು ದಾಟಲಾರರು. ಅವನು ಅಲ್ಲೇ ನಿಂತ.

ಕರೆಯಬೇಡ ಎಂದು ಪದುಮಿ ಬೇಡಿಕೊಂಡಳು. ನೀಲವ್ವ ಅವಳನ್ನು ಮೃದುವಾಗಿ ಗದರಿದಳು. ಹಬ್ಬದ ದಿನ ಬಾಗಿಲಿಗೆ ಬಂದವರನ್ನು ಹೊರಗೇ ನಿಲ್ಲಿಸುವುದು ತನ್ನ ಮನೆಯಲ್ಲಿ ಆಗದು ಎಂದಳು. ಅವಳು ಮನೆಯೊಡತಿ, ಪದುಮಿ ನೆಂಟಳು. ನೆಂಟಳ ಮಾತು ನಡೆಯಲಿಲ್ಲ. ಬೂದಿಗಣ್ಣ ಒಳಗೆ ಬಂದು ಚಾಪೆಯ ಮೇಲೆ ಕೂತ.

ಕೇಸರಗಿರಿಯಲ್ಲಿ ಒಂದು ಪದ್ಧತಿಯಿತ್ತು. ಕುಡಿಕೆ ತೆರೆದ ದಿನ ಮೊದಲ ಚಿಟಿಕೆ ಮನೆಯವರಿಗಲ್ಲ, ಹೊರಗಿನಿಂದ ಬಂದವರಿಗೆ. ನೀಲವ್ವನಿಗೆ ಪದ್ಧತಿ ನೆನಪಿರಲಿಲ್ಲ. ಆದರೆ ಅವಳ ಕೈ ಪದುಮಿಯ ಮಡಿಲಿನಿಂದ ಕುಡಿಕೆಯನ್ನು ಎತ್ತಿಕೊಂಡಿತು. ಜೇನಿನ ತಳಕ್ಕೆ ಒಣಚಮಚ ಇಳಿಸಿತು. ಉಳಿದಿದ್ದ ಒಂದೇ ಚಿಟಿಕೆಯನ್ನು ಎತ್ತಿ ಬೂದಿಗಣ್ಣನ ಮುಂದೆ ಹಿಡಿಯಿತು.

"ಅವ್ವ, ಅದು ನಿನಗೆ," ಎಂದಳು ಪದುಮಿ. "ಅದೊಂದೇ ಇರೋದು."

"ಇರಲಿ ಬಿಡಮ್ಮ," ಎಂದಳು ನೀಲವ್ವ. "ಬಂದವರು ತಿನ್ನಲಿ."

ಬೂದಿಗಣ್ಣ ಪದುಮಿಯನ್ನು ನೋಡಿ ನಕ್ಕ. ಕೆಟ್ಟು ಹುಳಿತದ್ದು ತನಗೇನು ಮಾಡೀತು, ಇದೂ ಮುಗಿದುಹೋಗಲಿ ಎಂದು ಬಾಯಿ ತೆರೆದ. ನೀಲವ್ವ ಚಮಚ ಅವನ ನಾಲಗೆಯ ಮೇಲೆ ಇಟ್ಟಳು.

ಅದು ಕೆಟ್ಟಿರಲಿಲ್ಲ. ಜೇನಿನ ಅಡಿಯಲ್ಲಿ ಹೋದ ವಸಂತ ಹಾಗೇ ಇತ್ತು.

ಅವನ ನಗು ನಿಂತಿತು. ಕೈ ನೆಲವನ್ನು ಹಿಡಿದುಕೊಂಡಿತು. ಈ ಮಾಂತ್ರಿಕ ಎಲ್ಲರಿಗಿಂತ ಮೊದಲು ಬೂದಿ ಹಚ್ಚಿಕೊಂಡದ್ದು ತನ್ನ ಕಣ್ಣಿಗೇ. ಆಮೇಲಿನ ಯಾವ ವರ್ಷವೂ ಅವನಲ್ಲಿ ಉಳಿದಿರಲಿಲ್ಲ. ಹಾಗಾಗಿ ಪರಾಗ ಅವನನ್ನು ಅವನು ಮರೆಯದೆ ಬದುಕಿದ್ದ ಕೊನೆಯ ವಸಂತಕ್ಕೆ ಕರೆದುಕೊಂಡು ಹೋಯಿತು. ಹೊಗೆ ಹಿಡಿದ ಸೂರಿನ ಒಂದು ಮನೆ. ಹೊಸ್ತಿಲ ಮೇಲೆ ಒಬ್ಬ ಹುಡುಗಿ. ಅವಳ ತೊಡೆಯ ಮೇಲೆ ಅವನ ಕಾಲು. ಅಳಬೇಡ ಕಣೋ ಬೋರ, ಮುಳ್ಳು ಬಂತು ನೋಡು ಎನ್ನುತ್ತಿದ್ದಾಳೆ.

"ಅಕ್ಕ," ಎಂದ ಬೂದಿಗಣ್ಣ.

ಅಕ್ಕ ಆ ಬೇಸಿಗೆಯಲ್ಲೇ ಜ್ವರ ಬಂದು ತೀರಿಹೋಗಿದ್ದಳು. ಆ ನೆನಪು ತಾಳಲಾರದೆ ಅವನು ಬೂದಿ ಹುಡುಕಿಕೊಂಡು ಹೋಗಿದ್ದ. ತಾನು ಮರೆತ ಮೇಲೆ ಬೇರೆಯವರು ನೆನೆದು ಕೂರುವುದು ಅವನಿಗೆ ಸಹಿಸಲಾಗಲಿಲ್ಲ. ಈಗ ಅವನ ಕಣ್ಣಲ್ಲಿ ನೀರು ಬಂತು. ನೀರಿನ ಜೊತೆ ಬೂದಿ ಹರಿಯಿತು. ಹರಿದು ಹರಿದು, ಅದರ ಅಡಿಯಿಂದ ಎರಡು ಸಾಮಾನ್ಯ ಕರಿಗಣ್ಣು ಕಂಡವು. ನಾಡಿನ ಮೇಲೆ ಬಿದ್ದಿದ್ದ ಬೂದಿ ಎಲ್ಲ ಆ ಕಣ್ಣಿನದೇ ಆಗಿತ್ತು. ಅಲ್ಲಿ ತೊಳೆದದ್ದು ಎಲ್ಲೆಲ್ಲೂ ತೊಳೆಯಿತು. ಮಾವು ಅರಳಿತು. ಬೇವು ಅರಳಿತು. ಜೇನುಕಲ್ಲಿನಿಂದ ಹುಳಗಳು ಮೋಡದಂತೆ ಎದ್ದು ಬಂದವು.

ಪದುಮಿ ಇದಾವುದನ್ನೂ ನೋಡಲಿಲ್ಲ. ಬರಿದಾದ ಕುಡಿಕೆಯನ್ನೇ ನೋಡುತ್ತಾ ಕೂತಿದ್ದಳು. ಅವಳ ಕೂದಲನ್ನು ಯಾರೋ ಹಿಡಿದು ಜಗ್ಗಿದರು.

"ಏನೇ ಇದು ಪದುಮಿ," ಎಂದಳು ನೀಲವ್ವ. "ತಲೆ ಎಣ್ಣೆ ಕಂಡು ಎಷ್ಟು ದಿನ ಆಯ್ತೆ? ಗೂಡು ಕಟ್ಟಿದೆಯಲ್ಲೇ."

ಪದುಮಿ ತಿರುಗಿದಳು. ಅವ್ವನ ಮಂಡಿಗೆ ತಲೆ ಇಟ್ಟಳು. ನೀಲವ್ವ ಎಣ್ಣೆ ತರಲು ಏಳಬೇಕೆಂದು ಎರಡು ಸಲ ಹೇಳಿದಳು, ಆಮೇಲೆ ಹೇಳುವುದು ಬಿಟ್ಟು ಬೆರಳಿನಿಂದಲೇ ಸಿಕ್ಕು ಬಿಡಿಸಿದಳು.

ಆ ಹೊತ್ತಿಗೆ ಬೀದಿಯಲ್ಲಿ ಜನ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುತ್ತಿದ್ದರು. ಉಂಡ ಮನೆಗಳಿಂದ ಮಕ್ಕಳು ತಮ್ಮ ತಮ್ಮ ಮನೆಗೆ ಓಡುತ್ತಿದ್ದವು. ಬೂದಿಗಣ್ಣನಾಗಿದ್ದ ಬೋರ ತಲೆ ತಗ್ಗಿಸಿ ಕೂತೇ ಇದ್ದ. ಊರವರು ಕೋಲು ಹಿಡಿದು ಬಂದರು. ಊಟಕ್ಕೆ ಕೂತವರನ್ನು ಹೊಡೆಯುವುದು ಹೇಗೆಂದು ನೀಲವ್ವ ಅವನ ಮುಂದೆ ಎಲೆ ಹಾಕಿಬಿಟ್ಟಳು. ಊಟ ಮುಗಿಯುವುದನ್ನು ಕಾಯುತ್ತಾ ಊರವರ ಸಿಟ್ಟೂ ಇಳಿಯಿತು. ಕಿತ್ತುಕೊಂಡ ಹೊಲಗಳನ್ನೆಲ್ಲ ಬೋರ ಹಿಂದಿರುಗಿಸಿದ. ಊರಾಚೆ ಗುಡಿಸಲು ಕಟ್ಟಿಕೊಂಡು, ಬಿದಿರಿನ ತಡಿಕೆ ಹೆಣೆಯುವುದನ್ನು ಕಲಿತ. ಅಕ್ಕನ ನೆನಪು ಅವನಿಗೆ ದಿನವೂ ನೋಯುತ್ತಿತ್ತು. ಆದರೂ ಅವನು ಅದನ್ನು ಬಿಟ್ಟುಕೊಡಲಿಲ್ಲ.

ರಾಜ ಇಂದುಶೇಖರನನ್ನು ಅಡುಗೆಮನೆಯಿಂದ ಎಬ್ಬಿಸುವುದೇ ಕಷ್ಟವಾಯಿತಂತೆ. ಹುಳಿ ಕುದಿಯುವವರೆಗೆ ತಡೆಯಿರಿ ಎಂದನಂತೆ. ಸಿಂಹಾಸನಕ್ಕೆ ಬಂದ ಮೇಲೆ ಅವನು ಮಾಡಿದ ಮೊದಲ ಕೆಲಸ ಗಾಜಿನ ಮಹಲಿಗೆ ಹುಲ್ಲಿನ ಮಾಡು ಹೊದಿಸಿ ಕೊಟ್ಟಿಗೆ ಮಾಡಿದ್ದು. ಜನ ಮತ್ತೆ ತಮ್ಮ ತಮ್ಮ ಮನೆಯ ಕತ್ತಲ ಮೂಲೆಗಳನ್ನು ಗುಡಿಸಿ, ಹೊಸ ಕುಡಿಕೆಗಳನ್ನು ಇಟ್ಟರು. ಸಣ್ಣ ಸಣ್ಣ ಕುಡಿಕೆಗಳು. ಒಂದು ಕೆಟ್ಟರೆ ಒಂದಿರಲಿ ಎಂದು. ಅವುಗಳಲ್ಲೊಂದನ್ನು ಜೇನಿನಲ್ಲಿ ಮುಳುಗಿಸಿಡುವುದು ಅಂದಿನಿಂದ ನಾಡಿನಲ್ಲೆಲ್ಲ ಶುರುವಾಯಿತು.

ಪದುಮಿ ಮತ್ತು ನೀಲವ್ವ ಮೊದಲಿನ ಹಾಗೇ ಇದ್ದರು. ಒಬ್ಬಳು ಮಾತಾಡುತ್ತಿದ್ದಳು, ಒಬ್ಬಳು ಕೇಳುತ್ತಿದ್ದಳು. ಪದುಮಿ ಏನಾದರೂ ಕೆಲಸ ಮರೆತು ಕೂತರೆ ಮಾತ್ರ ನೀಲವ್ವ ನಿಟ್ಟುಸಿರು ಬಿಟ್ಟು ಹೇಳುತ್ತಿದ್ದಳು.

"ಆ ಮಳೆಗಾಲದಲ್ಲಿ ಒಬ್ಬಳು ಹುಡುಗಿ ಬಂದಿದ್ಲು ಕಣೆ ನಮ್ಮನೆಗೆ. ಎಷ್ಟು ಚೆನ್ನಾಗಿ ಹೇಳಿದ ಮಾತು ಕೇಳ್ತಿದ್ಲು ಗೊತ್ತಾ? ಅವಳನ್ನೇ ಇಟ್ಕೋಬೇಕಿತ್ತು."

ಪದುಮಿ ನಕ್ಕು ಏಳುತ್ತಿದ್ದಳು. ಕೇಸರಗಿರಿಯಲ್ಲಿ ಹೂವು ಅರಳುವುದು ಮತ್ತೆ ನಿಲ್ಲಲಿಲ್ಲ. ಅಲ್ಲಿ ಅವರ ಮನೆ ತಂಪಾಗಿರಲಿ, ಕತೆ ಕೇಳಿದವರ ಮನೆಯೂ ತಂಪಾಗಿರಲಿ.